ಕ್ಯಾರವಾನ್‌ನ ಏರ್ ಕಂಪ್ರೆಸರ್: ತಿಳಿದಿರಬೇಕಾದ ವಿಷಯಗಳು



ಕೇರಳ ಸರಕಾರ 2021ರಲ್ಲಿ ‘ಕೆರವಾನ್ ಕೇರಳ’ ಯೋಜನೆ ಪ್ರಕಟಿಸಿದ ಮೇಲೆ ಮಲಗುವ, ಅಡುಗೆ ಮಾಡುವ ಸೌಕರ್ಯವಿರುವ ವಾಹನಗಳ ಪರಿಚಯ ನಮಗೂ ಆಗಿದೆ. ಬಸ್ಸಿನ ಚಾಸಿಯ ಮೇಲೆ ಕಟ್ಟಿದ ದೊಡ್ಡ ಕ್ಯಾರವಾನ್‌ಗಳಿಗೆ ಸಾಮಾನ್ಯವಾಗಿ ಏರ್ ಬ್ರೇಕ್ ಇರುತ್ತದೆ.

ಇಂಜಿನ್ ತಿರುಗಿಸುವ ಕಂಪ್ರೆಸರ್ ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುತ್ತದೆ. ಒತ್ತಡ ಸಾಮಾನ್ಯವಾಗಿ 7–8 ಬಾರ್ ಆಸುಪಾಸು. ಅದು ಬಹಳ ಇಳಿದರೆ ಎಚ್ಚರಿಕೆಯ ಬಜರ್ ಕೂಗುತ್ತದೆ; ಇನ್ನೂ ಇಳಿದರೆ ಸ್ಪ್ರಿಂಗ್ ಬ್ರೇಕ್ ತಾನಾಗಿ ಹಿಡಿಯುತ್ತದೆ.

ಕರಾವಳಿ ಪ್ರದೇಶದ ಗಾಳಿಯಲ್ಲಿ ತೇವ ಹೆಚ್ಚು. ಒತ್ತಿದ ಗಾಳಿ ತಣಿದಾಗ ಆ ತೇವ ಟ್ಯಾಂಕಿನಲ್ಲಿ ನೀರಾಗಿ ನಿಲ್ಲುತ್ತದೆ. ಟ್ಯಾಂಕ್ ತುಕ್ಕು ಹಿಡಿಯುತ್ತದೆ, ವಾಲ್ವ್ ಕೆಡುತ್ತದೆ.

ಗಮನಿಸಿ:
1. ವಾಹನವನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡೆ ಇಟ್ಟು, ಟ್ಯಾಂಕಿನ ನೀರು ಬಿಡಿಸಿ, ಮಳೆಗಾಲದಲ್ಲಿ ದಿನವೂ.
2. ನೀರಿನೊಂದಿಗೆ ಎಣ್ಣೆ ಹೆಚ್ಚು ಬಂದರೆ ಕಂಪ್ರೆಸರ್ ಸವೆದಿರಬಹುದು, ಮೆಕ್ಯಾನಿಕ್‌ಗೆ ತೋರಿಸಿ.
3. ಏರ್ ಡ್ರೈಯರ್‌ನ ಕಾರ್ಟ್ರಿಜ್ ಅನ್ನು ಕಂಪೆನಿ ಹೇಳಿದ ಅವಧಿಗೆ ಬದಲಿಸಿ.
4. ಇಂಜಿನ್ ನಿಲ್ಲಿಸಿದ ಮೇಲೆ ಮೀಟರಿನ ಮುಳ್ಳು ಬೇಗ ಇಳಿದರೆ ಎಲ್ಲೋ ಸೋರಿಕೆಯಿದೆ.

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಮತ್ತೆ ಮತ್ತೆ ಬ್ರೇಕ್ ಒತ್ತಿದರೆ ಗಾಳಿ ಖರ್ಚಾಗುತ್ತದೆ, ಡ್ರಮ್ ಬಿಸಿಯಾಗುತ್ತದೆ. ಕೆಳ ಗೇರಿನಲ್ಲೇ ಇಳಿಯಬೇಕು. ಹೊರಡುವ ಮುಂಚೆ “ಗಾಳಿ ಎಷ್ಟಿದೆ?” ಎಂದು ಚಾಲಕರನ್ನು ಕೇಳಲು ಸಂಕೋಚ ಬೇಡ.

– ಕಾರ್ಯದರ್ಶಿ