ಛೀ, ಛೆ, ಥೂ

ನಾನು ಹುಡುಗನಾಗಿದ್ದಾಗ ಅರಕಲಗೂಡು ಕಡೆಯ ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರ ಪಾಲುಪಾರಿಖತ್ತಿನ ಪಂಚಾಯಿತಿಯೊಂದನ್ನು ಕಂಡಿದ್ದೆ. ಜಮೀನು, ಎತ್ತು, ಪಾತ್ರೆಗಳೆಲ್ಲ ಸುಸೂತ್ರವಾಗಿ ಭಾಗವಾಗಿದ್ದವು. ಹಿತ್ತಲ ಹಲಸಿನ ಮರದ ಮಾತು ಬಂದಾಗ ಅಣ್ಣ ಎದ್ದು ನಿಂತು, ತಮ್ಮ ಹಿಂದಿನ ದಿನ ತನಗೆ ‘ಥೂ’ ಎಂದನೆಂದೂ, ಇನ್ನು ಅವನೊಡನೆ ಒಂದೇ ಬಾವಿಯ ನೀರು ಕುಡಿಯುವುದಿಲ್ಲವೆಂದೂ ಹೇಳಿದ. ತಮ್ಮ ಕೈಮುಗಿದ: “ಥೂ ಅನ್ಲಿಲ್ಲ ಕಣಣ್ಣ, ಛೆ ಅಂದೆ.” ಪಂಚಾಯಿತಿಯ ಹಿರಿಯ ಗೌಡರು ಬಾಗಿಲಲ್ಲಿ ನಿಂತಿದ್ದ ಮುದುಕಿಯೊಬ್ಬಳನ್ನು ಸಾಕ್ಷಿಗೆ ಕರೆದು ಒಂದೇ ಪ್ರಶ್ನೆ ಕೇಳಿದರು: “ಅದರ ಮುಂದೆ ಏನಾರ ಅಂದ್ನೇನವ್ವ?” “ಏನೂ ಅನ್ಲಿಲ್ಲ ಗೌಡ್ರೆ, ಅಷ್ಟಂದು ಸುಮ್ಕಾದ” ಎಂದಳು ಆಕೆ. “ಹಂಗಾದ್ರೆ ಅದು ಛೆನೇ. ಕೂತ್ಕಳಪ್ಪ” ಎಂದು ಗೌಡರು ಅಣ್ಣನಿಗೆ ಹೇಳಿದರು. ಪಂಚಾಯಿತಿ ಮುಂದುವರಿಯಿತು.

ಆ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ತರಗತಿಯಲ್ಲಿ ವ್ಯಾಕರಣ ಪಾಠ ಹೇಳುವಾಗ. ಈ ಬಗೆಯ ಮಾತುಗಳನ್ನು ನಮ್ಮ ಶಾಲಾ ವ್ಯಾಕರಣಗಳು ‘ಭಾವಸೂಚಕಾವ್ಯಯ’ ಎಂದು ಕರೆದು, ಅಯ್ಯೋ, ಅಬ್ಬಾ, ಎಲಾ, ಛೀ ಎಂದು ನಾಲ್ಕಾರು ಉದಾಹರಣೆ ಕೊಟ್ಟು ಮುಗಿಸುತ್ತವೆ. ನಿಘಂಟುಗಳೂ ಅಷ್ಟೆ, ಛೀ ಎಂದರೆ ತಿರಸ್ಕಾರಸೂಚಕ ಶಬ್ದ, ಥೂ ಎಂದರೂ ತಿರಸ್ಕಾರಸೂಚಕ ಶಬ್ದ. ಅರ್ಥ ಒಂದೇ ಎಂದ ಮೇಲೆ ಅಣ್ಣ ತಮ್ಮಂದಿರು ಜಗಳವಾಡಿದ್ದೇಕೆ?

ಗೌಡರಿಗೆ ಗೊತ್ತಿದ್ದುದು ಇದು. ‘ಥೂ’ ಎಂಬುದಕ್ಕೆ ಗುರಿ ಬೇಕು. “ಥೂ ನಿನ್ನ ಮುಖಕ್ಕೆ”, “ಥೂ ನಿನ್ನ ಜನ್ಮಕ್ಕೆ” ಎಂದು ಅದು ಚತುರ್ಥೀ ವಿಭಕ್ತಿಯನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. “ಛೆ ನಿನ್ನ ಮುಖಕ್ಕೆ” ಎಂದು ಹಾಸನದಲ್ಲಾಗಲಿ ಹೊಳೆನರಸೀಪುರದಲ್ಲಾಗಲಿ ಯಾರೂ ಅಂದುದನ್ನು ನಾನು ಕೇಳಿಲ್ಲ. ‘ಛೆ’ ಮನುಷ್ಯನನ್ನು ಬಿಟ್ಟು ಸಂಗತಿಯನ್ನು ಹಿಡಿಯುತ್ತದೆ: “ಛೆ, ಹೀಗಾಗಬಾರದಿತ್ತು.” ಎರಡು ಸಲ ಹೇಳಿದರೆ ಅಪನಂಬಿಕೆ: “ಛೆ ಛೆ, ಎಲ್ಲಾದರೂ ಉಂಟೆ!” ‘ಛೀ’ ಇವೆರಡರ ನಡುವಿನದು. ಅದು ಮನುಷ್ಯನನ್ನೇ ಮುಟ್ಟುತ್ತದೆ, ಆದರೆ ನಾಚಿಕೆಪಡಲು ಅವನಿಗೆ ಅವಕಾಶ ಉಳಿಸುತ್ತದೆ. ಹೊಸ ಮದುವಣಗಿತ್ತಿಯ ಬಾಯಲ್ಲಿ “ಛೀ, ಹೋಗಿ” ಎಂಬುದು ಬೈಗುಳವೇ ಅಲ್ಲ. ಥೂ ಎಂಬುದು ಮಳೆಯ ಮೇಲೆ, ಮುರಿದ ಗಾಡಿಯ ಮೇಲೆ ಬಂದರೆ ಬರಿಯ ಬೇಸರ, ನಿಜ. ದೃಷ್ಟಿ ತೆಗೆಯುವ ಅಜ್ಜಿ ಮೆಣಸಿನಕಾಯಿ, ಉಪ್ಪು ಹಿಡಿದು ಮೂರು ಸಲ ಥೂ ಎನ್ನುವುದಂತೂ ಮಮತೆಯಿಂದಲೇ.

ಸಂಸ್ಕೃತದ ವೈಯಾಕರಣರು ಈ ಗುರಿಯನ್ನು ಗಮನಿಸಿದ್ದರು. ‘ಧಿಕ್’ ಎಂಬ ಮಾತಿನೊಡನೆ ದ್ವಿತೀಯಾ ವಿಭಕ್ತಿ ಬರಬೇಕೆಂದು ಅವರು ವಿಧಿಸಿದರು. ನಮ್ಮಲ್ಲಿ ಸುಮಾರು ೧೨೬೦ರಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ಹೊಯ್ಸಳರ ಕಾಲದವನು, ಮಲ್ಲಿಕಾರ್ಜುನನ ಮಗ, ಜನ್ನನ ಸೋದರಳಿಯ. ಸಂಧಿಯಿಂದ ಹೊರಟು ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶಗಳನ್ನೆಲ್ಲ ದಾಟಿ ಎಂಟನೆಯ ಹಾಗೂ ಕೊನೆಯ ಪ್ರಕರಣದಲ್ಲಿ ಅವನು ಅವ್ಯಯಕ್ಕೆ ಬರುತ್ತಾನೆ. ಅವನ ಲಕ್ಷ್ಯಗಳು ಕವಿಗಳ ಪ್ರಯೋಗಗಳು, ಹಿತ್ತಲ ಜಗಳಗಳಲ್ಲ. ಅವನನ್ನು ದೂರುವಂತಿಲ್ಲ.

ಕಲ್ಲಿನಲ್ಲಿ ಹುಡುಕಿದರೂ ಈ ಮಾತುಗಳ ಜಾಡು ಹತ್ತುವುದು ಕಷ್ಟ. ಇದೇ ಜಿಲ್ಲೆಯ ಹಲ್ಮಿಡಿಯ ಶಾಸನ, ಸುಮಾರು ಕ್ರಿ.ಶ. ೪೫೦ರದು, ದತ್ತಿಯನ್ನು ಅಳಿದವನಿಗೆ ಮಹಾಪಾತಕ ತಟ್ಟುವುದೆಂದು ಹೇಳುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವಂತೂ ಶಾಸನಗಳ ಕಣಜ. ಶಾಪವನ್ನು ಕಲ್ಲಿನಲ್ಲಿ ಕೆತ್ತಿಸಬಹುದು. ಛೀ ಎನ್ನಲು ಎದುರಿಗೆ ಆಳು ಬೇಕು. ಆದ್ದರಿಂದ ಇವುಗಳ ಚರಿತ್ರೆ ಉಳಿದಿರುವುದು ಕವಿಗಳು ಪಾತ್ರಗಳ ಬಾಯಲ್ಲಿ ಆಡಿಸಿದ ಮಾತಿನಲ್ಲಿ. ಅಲ್ಲಿಯೂ ಎಲ್ಲವೂ ನಮ್ಮ ಕೈಗೆ ಬಂದು ತಲುಪಿಲ್ಲ. ಕುಮಾರವ್ಯಾಸನಿಗೆ ಅಷ್ಟು ಪ್ರಿಯವಾದ ‘ಅಕಟ’ ಇಂದು ಗಮಕಿಗಳ ಕಂಠದಲ್ಲಿ ಮಾತ್ರ ಇದೆ. ಅವನ ‘ಶಿವಶಿವಾ’ ಮಾತ್ರ “ಅಯ್ ಸಿವ್ನೆ” ಆಗಿ ನಮ್ಮ ಸಂತೆಗಳಲ್ಲಿ ಸುಖವಾಗಿದೆ.

ಕೆಲವು ಮಾತುಗಳು ಉದ್ಯೋಗ ಬದಲಿಸಿದವು. ‘ಧಿಕ್’ ಧಿಕ್ಕಾರವಾಗಿ ಮೆರವಣಿಗೆಯ ಘೋಷಣೆಯಾಯಿತು. ‘ಛೀ’ ಮಾರಿಯನ್ನು ಜೊತೆಗೆ ಸೇರಿಸಿಕೊಂಡು ‘ಛೀಮಾರಿ’ಯಾಗಿ ಪತ್ರಿಕೆಗಳ ತಲೆಬರಹಕ್ಕೆ ಏರಿತು, ಉಚ್ಚ ನ್ಯಾಯಾಲಯ ಅಧಿಕಾರಿಗೆ ಛೀಮಾರಿ ಹಾಕಿತೆಂದು ಓದುತ್ತೇವೆ, ನ್ಯಾಯಾಧೀಶರು ಆಸನದಿಂದ ಛೀ ಎಂದಿರಲಾರರು. ಪಾರಸಿಯಿಂದ ಬಂದ ‘ಭೇಷ್’, ‘ಶಹಭಾಸ್’ಗಳು ಹೊಗಳಿಕೆಗೆಂದು ಬಂದು, ಸ್ವಲ್ಪ ರಾಗ ಎಳೆದರೆ ಮೂದಲಿಕೆಯ ಕೆಲಸವನ್ನೂ ಮಾಡತೊಡಗಿದವು.

ಇವುಗಳ ಬಳಕೆಯನ್ನು ಕಾಣಬೇಕಾದರೆ ನಮ್ಮ ಸೀಮೆಯ ಗದ್ಯವನ್ನೇ ಓದಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (೧೯೭೦) ಕಾದಂಬರಿಯಲ್ಲಿ ಗಂಗಮ್ಮನ ಬಾಯಿಯೇ ಒಂದು ಮನೆಯನ್ನು ಹೇಗೆ ಮುರಿಯಬಲ್ಲುದೆಂಬುದನ್ನು ಓದಿದವರಿಗೆ, ತಿರಸ್ಕಾರಸೂಚಕ ಎಂಬ ಒಂದೇ ಪದ ಎಷ್ಟು ಬಡವೆಂದು ತಿಳಿಯುತ್ತದೆ. ಬೇರೆ ಭಾಷೆಯಿಂದ ಕನ್ನಡಕ್ಕೆ ಅನುವಾದಿಸುವ ನನ್ನ ವಿದ್ಯಾರ್ಥಿಗಳು ಎಲ್ಲ ಜಿಗುಪ್ಸೆಗೂ ‘ಛೀ’ ಎಂದೇ ಬರೆದು ತರುತ್ತಿದ್ದರು. “ಯಾರಿಗೆ ಅಂದದ್ದು?” ಎಂದು ಗೌಡರಂತೆ ನಾನೂ ಅಂಚಿನಲ್ಲಿ ಗುರುತು ಹಾಕುತ್ತಿದ್ದೆ.

ನಮ್ಮ ಹಳ್ಳಿಗಳಲ್ಲಿ ನಂಬಿಕೆಯಿಲ್ಲದ ಮಾತಿಗೆ ಇನ್ನೊಂದು ಉತ್ತರವಿದೆ: “ಬುಡತ್ಲಾಗೆ.” ಬಿಡು, ಅತ್ತಲಾಗೆ. ಸುಳ್ಳು ಎನ್ನುವುದಿಲ್ಲ, ಸುಳ್ಳುಗಾರ ಎನ್ನುವುದೂ ಇಲ್ಲ. ಮಾತನ್ನು ಎತ್ತಿ ಆಚೆ ಇಡುತ್ತಾರೆ, ಆಡಿದವನು ಜಗಲಿಯ ಮೇಲೆಯೇ ಕುಳಿತಿರುತ್ತಾನೆ. ಪಂಚಾಯಿತಿಯ ಆ ದಿನ ಹಲಸಿನ ಮರ ಅಣ್ಣನ ಪಾಲಿಗೆ ಬಂದಾಗ ತಮ್ಮ ಆಡಿದ್ದೂ ಅದೇ ಮಾತು.