ನವಿಲು ಎಲ್ಲಿತ್ತು?

ಕೊಂಡ್ಲಹಳ್ಳಿಯ ನಮ್ಮಜ್ಜಿ ಹತ್ರ ಒಂದು ಹಳೇ ಮೊಳಕಾಲ್ಮೂರು ಸೀರೆ ಇತ್ತು. ಹಳೇ ಜರಿ ಕೊಳ್ಳೋನು ಬಾಗಿಲಿಗೆ ಬಂದಾಗ ಕೊಡಲಿಲ್ಲ. "ಸುಟ್ಟು ಬೆಳ್ಳಿ ತೂಗ್ತಾನೆ ಕಣಪ್ಪ. ನವಿಲು ಎಲ್ಲಿತ್ತು ಅಂತ ಬೂದಿ ಹೇಳ್ತದಾ?" ಅಂದಿದ್ದಳು.

ಆ ಮಾತು ಮತ್ತೆ ನೆನಪಾಗಿದ್ದು ಬೆಂಗಳೂರಿನ ಆಸ್ಪತ್ರೆಯ ಕಾರಿಡಾರಿನಲ್ಲಿ, ಅವಳ ಗಡ್ಡೆ ತೆಗೆದ ದಿನ. "ಗಡ್ಡೆ ಪೂರ್ತಿ ಬಂದಿದೆ ಅನ್ಸುತ್ತೆ. ಅಂಚಿನ ರಿಪೋರ್ಟ್ ಬರಲಿ," ಅಂದರು ಡಾಕ್ಟರ್. ಅಂದ್ರೆ, ಕ್ಯಾನ್ಸರ್ ಎಲ್ಲಿ ಮುಗಿದು ಒಳ್ಳೇ ಅಂಗಾಂಶ ಎಲ್ಲಿ ಶುರುವಾಗುತ್ತೆ?

ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಈ "ಎಲ್ಲಿ" ಬಹುಕಾಲ ಗೊತ್ತಿರಲಿಲ್ಲ. ನಿಯಾನ್ ಅನಿಲದಲ್ಲಿ 20 ಮತ್ತು 22 ತೂಕದ ಎರಡು ಬಗೆಯ ಪರಮಾಣುಗಳಿವೆ ಅಂತ ಜೆ. ಜೆ. ಥಾಮ್ಸನ್ ಕೇಂಬ್ರಿಜ್‌ನಲ್ಲಿ ಕಂಡಿದ್ದು 1913ರ ಸುಮಾರಿಗೆ. ಆದರೆ ದೊಡ್ಡ ಪ್ರೋಟೀನುಗಳು ತೂಗೋಕೆ ಮುಂಚೆಯೇ ಮುರಿದುಹೋಗುತ್ತಿದ್ದವು. 1980ರ ದಶಕದಲ್ಲಿ ಜಪಾನಿನ ಶಿಮಾಡ್ಜು ಕಂಪನಿಯ ಎಂಜಿನಿಯರ್ ಕೊಯಿಚಿ ತನಾಕ ಕೋಬಾಲ್ಟ್ ಪುಡಿಗೆ ತಪ್ಪಾಗಿ ಗ್ಲಿಸರಿನ್ ಬೆರೆಸಿದರು. ಎಸೆಯೋದು ದಂಡ ಅಂತ ಅದಕ್ಕೇ ಲೇಸರ್ ಹೊಡೆದರು. ಈ ದಾರಿಯಲ್ಲೇ ಮುಂದೆ ಪ್ರೋಟೀನ್ ಮುರಿಯದೆ ಎದ್ದು ಬಂತು! 2002ರಲ್ಲಿ ನೊಬೆಲ್ ಬಂತು. 1980ರ ದಶಕದಲ್ಲೇ ಜರ್ಮನಿಯ ಕರಾಸ್, ಹಿಲೆನ್‌ಕ್ಯಾಂಪ್ ಕಟ್ಟಿದ ಮಾಲ್ಡಿ ವಿಧಾನ ಹೆಚ್ಚು ಬಳಕೆಗೆ ಬಂತು.

ಆಗಲೂ ಅಂಗಾಂಶವನ್ನು ಸಾಮಾನ್ಯವಾಗಿ ಅರೆದೇ ತೂಗಬೇಕಿತ್ತು. ಬೆಳ್ಳಿಯ ತೂಕ ಸಿಗುತ್ತಿತ್ತು, ನವಿಲು ಮಾಯ.

1997ರಲ್ಲಿ ಅಮೆರಿಕದ ರಿಚರ್ಡ್ ಕ್ಯಾಪ್ರಿಯೋಲಿ ತಂಡ ಅರೆಯೋದನ್ನು ಬಿಟ್ಟಿತು. ಅಂಗಾಂಶದ ತೆಳು ಪದರದ ಮೇಲೆ ಲೇಸರ್ ಚುಕ್ಕಿಯಿಂದ ಚುಕ್ಕಿಗೆ ಸಾಗುತ್ತೆ. ಪ್ರತಿ ಚುಕ್ಕಿಯಲ್ಲೂ ಅಲ್ಲಿರುವ ಅಣುಗಳ ತೂಕದ ಪಟ್ಟಿ. ಒಂದು ತೂಕ ಆರಿಸಿ ಬಣ್ಣ ಹಚ್ಚಿದರೆ ಆ ಅಣುವಿನ ನಕ್ಷೆ ಸಿದ್ಧ. 2001ರಲ್ಲಿ ಇದೇ ತಂಡ ಇಲಿಯಲ್ಲಿ ಬೆಳೆಸಿದ ಮನುಷ್ಯರ ಮಿದುಳು ಗಡ್ಡೆಯ ಪ್ರೋಟೀನ್ ನಕ್ಷೆ ತೋರಿಸಿತು.

ನಮ್ಮವರೂ ಇದರಲ್ಲಿದ್ದಾರೆ. ಈಗ ತಿರುಪತಿಯ ಐಸರ್‌ನಲ್ಲಿರುವ ಶಿಬದಾಸ್ ಬ್ಯಾನರ್ಜಿ, 2017ರಲ್ಲಿ ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಜೇರ್ ತಂಡದಲ್ಲಿದ್ದಾಗ ಪ್ರಾಸ್ಟೇಟ್ ಅಂಗಾಂಶವನ್ನು ಹೀಗೇ ಓದಿದರು. ಅವರು ಬಳಸಿದ್ದು ಲೇಸರ್ ಅಲ್ಲ, ವಿದ್ಯುದಾವೇಶದ ಸಣ್ಣ ಹನಿಗಳ ಸಿಂಪರಣೆ. ಆರೋಗ್ಯವಂತ ಪ್ರಾಸ್ಟೇಟ್ ಸಿಟ್ರೇಟ್ ಕೂಡಿಡುತ್ತೆ, ಕ್ಯಾನ್ಸರ್ ಬಂದ ಕಡೆ ಅದು ಕಡಿಮೆ. ಗ್ಲೂಕೋಸ್–ಸಿಟ್ರೇಟ್ ಅನುಪಾತವೇ ಕ್ಯಾನ್ಸರಿನ ಜಾಗದ ಗುರುತಾಯಿತು.

ಆದರೂ ಈ ನಕ್ಷೆಗಳು ಇನ್ನೂ ಹೆಚ್ಚಾಗಿ ಸಂಶೋಧನಾ ಲ್ಯಾಬುಗಳಲ್ಲೇ ಇವೆ. ಅಜ್ಜಿಯ ಅಂಚು ಕ್ಲಿಯರ್ ಅಂತ ಹತ್ತನೇ ದಿನ ಹೇಳಿದ್ದು, ಮೈಕ್ರೋಸ್ಕೋಪಿನ ಮುಂದೆ ಕೂತ ಪೆಥಾಲಜಿಸ್ಟ್. ಆ ಹತ್ತು ದಿನ ನಾವ್ಯಾರೂ ಸರಿಯಾಗಿ ಮಲಗಲಿಲ್ಲ. ಮುಂದೊಂದು ದಿನ ಕೊಂಡ್ಲಹಳ್ಳಿಯಿಂದ ಬಂದ ಇನ್ನೊಬ್ಬ ಅಜ್ಜಿಗೆ ಆಪರೇಷನ್ ಟೇಬಲ್ ಮೇಲಿರುವಾಗಲೇ ಈ ಉತ್ತರ ಸಿಕ್ಕರೆ, ಈ ಇತಿಹಾಸ ಸಾರ್ಥಕ.