ಹಳೆಯ ಬಂಗಾರದ ನ್ಯಾಯಬೆಲೆ: ಅಚೌರ್ಯಾಣುವ್ರತದ ಬೆಳಕಿನಲ್ಲಿ

ಗೃಹಸ್ಥನ ಮನೆಯಲ್ಲಿ ಬಂಗಾರವು ಅಲಂಕಾರದ ವಸ್ತುವೂ ಹೌದು, ಆಪತ್ಕಾಲದ ನಿಧಿಯೂ ಹೌದು. ತುಂಡಾದ ಸರ, ಜೋಡಿ ಕಳೆದುಕೊಂಡ ಓಲೆ, ಇಂದು ಯಾರೂ ತೊಡದ ಡಾಬು, ಇವೆಲ್ಲ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಉಳಿದು, ಮಗಳ ಮದುವೆಗೋ ಮಗನ ವಿದ್ಯಾಭ್ಯಾಸಕ್ಕೋ ಮನೆಯವರ ಚಿಕಿತ್ಸೆಗೋ ಒಂದು ದಿನ ಅಂಗಡಿಯ ತಕ್ಕಡಿಯನ್ನು ಏರುತ್ತವೆ. ಭಕ್ತರು ಬಸದಿಗೆ ಅರ್ಪಿಸಿದ ಒಡವೆಗಳನ್ನು ಮಾರುವ ಪ್ರಸಂಗ ಟ್ರಸ್ಟುಗಳಿಗೂ ಒದಗುತ್ತದೆ. ಅಂತಹ ವೇಳೆಯಲ್ಲಿ ಕೊಳ್ಳುವವನಿಗೆ ಲೋಹದ ಗುಣ ತಿಳಿದಿರುತ್ತದೆ. ಮಾರುವವನಿಗೆ ಬಹುಮಟ್ಟಿಗೆ ತಿಳಿದಿರುವುದಿಲ್ಲ. ಅನ್ಯಾಯಕ್ಕೆ ದಾರಿಯಾಗುವುದು ಈ ಅಂತರವೇ. ಅದನ್ನು ಮುಚ್ಚಲು ಶಾಸ್ತ್ರಕಾರರೂ ಅರಸರೂ ಪರೀಕ್ಷಕರೂ ಶತಮಾನಗಳಿಂದ ಯತ್ನಿಸಿದ್ದಾರೆ. ಆ ಯತ್ನದ ಇತಿಹಾಸವು ಜೈನ ಸಮಾಜಕ್ಕೆ ವಿಶೇಷವಾಗಿ ಸಂಬಂಧಿಸಿದ್ದು.

ವ್ರತದ ಅಳತೆ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳವಿಗೆ ಪ್ರೇರಣೆ ನೀಡುವುದು, ಕಳವಿನ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ನಕಲಿಯನ್ನು ಅಸಲಿಯೆಂದು ನಡೆಸುವುದು ಎಂಬಿವೇ ಆ ಐದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊನೆಯದಕ್ಕೆ ಸದೃಶಸನ್ಮಿಶ್ರವೆಂಬ ಹೆಸರನ್ನು ಕೊಟ್ಟಿದ್ದಾರೆ. ಎಂದರೆ, ಒಂದರಂತೆಯೇ ಕಾಣುವ ಮತ್ತೊಂದನ್ನು ಅದರೊಡನೆ ಬೆರೆಸುವುದು. ಹಳೆಯ ಬಂಗಾರದ ವ್ಯಾಪಾರದಲ್ಲಿ ಈ ಐದಕ್ಕೂ ಎಡೆಯಿರುವುದನ್ನು ಗಮನಿಸಬೇಕು. ಗೋಡೆಗೆ ಕನ್ನವಿಕ್ಕುವುದು ಮಾತ್ರ ಕಳವಲ್ಲ. ತೂಕದ ತಟ್ಟೆಯ ಮೇಲೆ ನಡೆಯುವ ಗುಂಜಿಯಷ್ಟು ವ್ಯತ್ಯಾಸವೂ ವ್ರತಕ್ಕೆ ದೋಷವೇ.

ಚಾಣಕ್ಯನ ಎಚ್ಚರಿಕೆ

ಚಾಣಕ್ಯನು ಕೊನೆಯಲ್ಲಿ ಜಿನದೀಕ್ಷೆ ಪಡೆದನೆಂಬುದು ಜೈನ ಪರಂಪರೆಯ ನಂಬಿಕೆ. ಕನ್ನಡದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಚಾಣಕ್ಯರಿಸಿಯ ಕಥೆಯೂ ಒಂದು. ಅವನ ಹೆಸರಿನಲ್ಲಿರುವ ಅರ್ಥಶಾಸ್ತ್ರದ ಎರಡನೆಯ ಅಧಿಕರಣವು ಚಿನ್ನದ ಪರೀಕ್ಷೆಯನ್ನು ಸೂಕ್ಷ್ಮವಾಗಿ ನಿರೂಪಿಸುತ್ತದೆ. ಕಳಿಂಗ ದೇಶದ ಅಥವಾ ತಾಪೀ ನದಿಯ, ಹೆಸರುಕಾಳಿನ ಬಣ್ಣದ ಒರೆಗಲ್ಲು ಶ್ರೇಷ್ಠವೆಂದು ಅಲ್ಲಿ ಹೇಳಿದೆ. ಅದಕ್ಕಿಂತ ಮುಖ್ಯವಾದ ಮಾತು ಮುಂದಿದೆ. ಬಣ್ಣವನ್ನು ಹೊಳಪಿಸಿ ತೋರುವ ಕಲ್ಲು ಮಾರುವವನಿಗೆ ಅನುಕೂಲ. ಒರಟಾಗಿ, ಬಣ್ಣವನ್ನು ಮಂಕಾಗಿಸುವ ಕಲ್ಲು ಕೊಳ್ಳುವವನಿಗೆ ಅನುಕೂಲ. ಸಮವಾಗಿ ತೋರುವ ಕಲ್ಲು ಮಾತ್ರ ಇಬ್ಬರಿಗೂ ಹಿತ. ಚಿನ್ನವನ್ನು ಪರೀಕ್ಷಿಸುವ ಕಲ್ಲಿಗೇ ಪಕ್ಷಪಾತವುಂಟೆಂಬ ಈ ಅರಿವು ಎಷ್ಟು ಪ್ರಾಚೀನವಾದುದು!

ಹಳೆಯ ಒಡವೆಗಳನ್ನು ದುರಸ್ತಿ ಮಾಡುವಾಗ ನಡೆಯುವ ಅಪಹರಣಕ್ಕೆ ಅದೇ ಗ್ರಂಥವು ನಾಲ್ಕು ಉಪಾಯಗಳನ್ನು ಎಣಿಸುತ್ತದೆ: ಕುಟ್ಟಿ ಉದುರಿಸುವುದು, ಕತ್ತರಿಸುವುದು, ಕೆರೆಯುವುದು, ಉಜ್ಜುವುದು. ನಾಲ್ಕನೆಯ ಅಧಿಕರಣದಲ್ಲಿ ದಂಡನೆಯ ವಿಧಿಯಿದೆ. ಶುದ್ಧರಲ್ಲದವರ ಕೈಯಿಂದ ಬೆಳ್ಳಿ ಬಂಗಾರಗಳನ್ನು ಅಧಿಕಾರಿಗೆ ತಿಳಿಸದೆ, ಇದ್ದ ರೂಪದಲ್ಲಿಯೇ ಕೊಂಡ ಅಕ್ಕಸಾಲಿಗನಿಗೆ ೧೨ ಪಣ ದಂಡ. ರೂಪ ಕೆಡಿಸಿದ್ದನ್ನು ಕೊಂಡರೆ ೨೪ ಪಣ. ಕಳ್ಳನ ಕೈಯಿಂದ ಕೊಂಡರೆ ೪೮ ಪಣ. ಕರಗಿದ ಚಿನ್ನಕ್ಕೆ ಗುರುತಿಲ್ಲ. ಆದ್ದರಿಂದಲೇ ರೂಪ ಕೆಟ್ಟದ್ದಕ್ಕೆ ದಂಡ ಇಮ್ಮಡಿ. ಉಮಾಸ್ವಾಮಿಗಳು ಹೇಳಿದ ಎರಡನೆಯ ಅತಿಚಾರಕ್ಕೂ ಈ ರಾಜಶಾಸನಕ್ಕೂ ಇರುವ ಸಾಮ್ಯ ಸ್ಪಷ್ಟವಾಗಿದೆ.

ಠಕ್ಕುರ ಫೇರು

ಜೈನ ಗೃಹಸ್ಥರಲ್ಲಿ ಈ ವಿದ್ಯೆಯನ್ನು ಗ್ರಂಥರೂಪಕ್ಕೆ ತಂದ ಮಹನೀಯರಲ್ಲಿ ಠಕ್ಕುರ ಫೇರು ಅಗ್ರಗಣ್ಯ. ಶ್ರೀಮಾಲ ಕುಲದ ಈ ಶ್ರಾವಕನು ದಿಲ್ಲಿಯ ಖಲ್ಜಿ ಸುಲ್ತಾನರ ಸೇವೆಯಲ್ಲಿದ್ದು ಭಂಡಾರ ಮತ್ತು ಟಂಕಸಾಲೆಗಳನ್ನು ಹತ್ತಿರದಿಂದ ಬಲ್ಲವನಾಗಿದ್ದನು. ೧೩೧೫ರಲ್ಲಿ ರತ್ನಪರೀಕ್ಷೆಯನ್ನೂ ೧೩೧೮ರಲ್ಲಿ ದ್ರವ್ಯಪರೀಕ್ಷೆಯನ್ನೂ ರಚಿಸಿದನು. ದ್ರವ್ಯಪರೀಕ್ಷೆಯಲ್ಲಿ ಲೋಹಗಳನ್ನು ಶೋಧಿಸುವ ಕ್ರಮವೂ, ನಾನಾ ರಾಜ್ಯಗಳ ನಾಣ್ಯಗಳ ತೂಕ, ಅವುಗಳಲ್ಲಿರುವ ಲೋಹದ ಪ್ರಮಾಣ ಮತ್ತು ಬೆಲೆಗಳೂ ನಿರೂಪಿತವಾಗಿವೆ.

ಅಳಿದ ರಾಜ್ಯದ ನಾಣ್ಯಕ್ಕೂ ಇಂದಿನ ಹಳೆಯ ಒಡವೆಗೂ ಒಂದು ಹೋಲಿಕೆಯಿದೆ. ಮುದ್ರೆಯೊತ್ತಿದ ಅರಸನಿಲ್ಲದ ಮೇಲೆ ನಾಣ್ಯಕ್ಕೆ ಉಳಿಯುವುದು ಲೋಹದ ಬೆಲೆ ಮಾತ್ರ. ಹಾಗೆಯೇ ಕೆತ್ತನೆ ಕುಸುರಿಗಳಿಗೆ ಒಮ್ಮೆ ಕೊಟ್ಟ ಮಜೂರಿ ಮಾರುವಾಗ ಮರಳಿ ಬರುವುದಿಲ್ಲ. ಉಳಿಯುವುದು ತೂಕ ಮತ್ತು ಶುದ್ಧಿ ಎರಡೇ. ಫೇರುವಿನ ಹಿರಿಮೆಯಿರುವುದು ಪರೀಕ್ಷಕರ ಗುಟ್ಟಾಗಿದ್ದ ಈ ಲೆಕ್ಕವನ್ನು ಬರೆದಿಟ್ಟದ್ದರಲ್ಲಿ. ಬರೆದಿಟ್ಟ ಲೆಕ್ಕವನ್ನು ಮತ್ತೊಬ್ಬನು ಪರಿಶೀಲಿಸಬಹುದು. ಗುಟ್ಟಿನ ಲೆಕ್ಕವನ್ನು ನಂಬುವುದಷ್ಟೇ ಸಾಧ್ಯ.

ಕನ್ನಡ ನಾಡಿನಲ್ಲಿ

ಕನ್ನಡ ನಾಡಿನಲ್ಲಿ ಗದ್ಯಾಣ, ಪಣ, ಹಾಗಗಳೆಂಬ ಹೆಸರುಗಳು ಶಾಸನಗಳಲ್ಲಿ ಹೆಜ್ಜೆ ಹೆಜ್ಜೆಗೂ ಕಾಣುತ್ತವೆ. ಲೊಕ್ಕಿಗುಂಡಿಯ ಹೆಸರಿನಿಂದಲೇ ಲೊಕ್ಕಿ ಗದ್ಯಾಣವೆಂಬ ನಾಣ್ಯ ಪ್ರಸಿದ್ಧವಾಗಿತ್ತು. ಶ್ರವಣಬೆಳಗೊಳದ ಶಾಸನಗಳಲ್ಲಿ ಭಕ್ತರು ಗದ್ಯಾಣಗಳನ್ನು ಮೂಲಧನವಾಗಿ ಇರಿಸಿ, ಅದರ ಬಡ್ಡಿಯಿಂದ ಗೊಮ್ಮಟಸ್ವಾಮಿಯ ಅಭಿಷೇಕಕ್ಕೆ ಹಾಲು ಒದಗುವಂತೆ ಮಾಡಿದ ದತ್ತಿಗಳು ದಾಖಲಾಗಿವೆ. ಧರ್ಮಕ್ಕೆ ಬಂದ ಹೊನ್ನಿನ ಲೆಕ್ಕವನ್ನು ಎಲ್ಲರೂ ಓದುವಂತೆ ಕಲ್ಲಿನಲ್ಲಿ ಕಂಡರಿಸಿದ ಪರಂಪರೆ ನಮ್ಮದು.

ಅದೇ ಲೊಕ್ಕಿಗುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಇಲ್ಲಿ ನೆನೆಯದಿರಲಾಗದು. ಅಲ್ಲಿಯ ಶಾಸನದ ಕಾಲ ೧೦೦೭. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು, ರನ್ನನಿಂದ ೯೯೩ರಲ್ಲಿ ಅಜಿತಪುರಾಣವನ್ನು ಬರೆಯಿಸಿದವಳು, ಚಿನ್ನ ರತ್ನಗಳ ಜಿನಬಿಂಬಗಳನ್ನು ಒಂದೂವರೆ ಸಾವಿರದಷ್ಟು ಮಾಡಿಸಿ ದಾನವಿತ್ತವಳು ಎಂದು ಅವಳ ಕೀರ್ತಿ. ಪತಿ ನಾಗದೇವನನ್ನು ಕಳೆದುಕೊಂಡ ಬಳಿಕ ವ್ರತನಿಷ್ಠೆಯಲ್ಲಿ ಬಾಳಿದ ಆಕೆ, ಹೊನ್ನು ಪೆಟ್ಟಿಗೆಯಿಂದ ಹೊರಬಂದಾಗ ಏನಾಗಬಲ್ಲದು ಎಂಬುದನ್ನು ತೋರಿಸಿಕೊಟ್ಟಳು.

ಕಟ್ಟಳೆಯ ಕಾಲ

ಸ್ವತಂತ್ರ ಭಾರತದಲ್ಲಿ ೧೯೬೩ರ ಜನವರಿಯಲ್ಲಿ ಚಿನ್ನ ನಿಯಂತ್ರಣ ನಿಯಮಗಳು ಜಾರಿಗೆ ಬಂದವು. ೧೪ ಕ್ಯಾರೆಟ್ಟಿಗಿಂತ ಹೆಚ್ಚಿನ ಶುದ್ಧಿಯ ಹೊಸ ಆಭರಣಗಳ ತಯಾರಿಕೆಗೆ ತಡೆ ಬಿದ್ದು, ಅಕ್ಕಸಾಲಿಗರ ಕುಟುಂಬಗಳು ಕೆಲಸವಿಲ್ಲದೆ ಅಪಾರ ಕಷ್ಟಕ್ಕೆ ಒಳಗಾದವು. ಈ ಮಿತಿಯನ್ನು ೧೯೬೬ರಲ್ಲಿ ತೆಗೆಯಲಾಯಿತು. ೧೯೬೮ರಲ್ಲಿ ಬಂದ ಚಿನ್ನ ನಿಯಂತ್ರಣ ಕಾಯಿದೆಯು ೧೯೯೦ರಲ್ಲಿ ರದ್ದಾಯಿತು. ಆ ಕಟ್ಟಳೆಗಳು ಚಿನ್ನವು ಯಾರ ಬಳಿ ಎಷ್ಟಿದೆಯೆಂದು ಕೇಳಿದವು. ಅದು ಎಷ್ಟು ಶುದ್ಧವೆಂದು ಸಾಮಾನ್ಯನಿಗೆ ತಿಳಿಸುವ ಏರ್ಪಾಡನ್ನು ಮಾಡಲಿಲ್ಲ. ಆ ಏರ್ಪಾಡು ಬಂದುದು ೨೦೦೦ದಲ್ಲಿ, ಭಾರತೀಯ ಮಾನಕ ಸಂಸ್ಥೆಯ ಹಾಲ್‌ಮಾರ್ಕ್ ಮುದ್ರೆಯ ರೂಪದಲ್ಲಿ. ೨೦೨೧ರ ಜೂನ್‌ನಲ್ಲಿ ೨೫೬ ಜಿಲ್ಲೆಗಳಲ್ಲಿ ಇದು ಕಡ್ಡಾಯವಾಯಿತು. ೨೦೨೩ರ ಏಪ್ರಿಲ್ ೧ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರಾಂಕಗಳ ಪ್ರತ್ಯೇಕ ಗುರುತು ಇರಲೇಬೇಕೆಂದಾಯಿತು. ಮನೆಯಲ್ಲಿರುವ ಮುದ್ರೆಯಿಲ್ಲದ ಹಳೆಯ ಒಡವೆಯನ್ನು ಮಾರಲು ಇದರಿಂದ ಅಡ್ಡಿಯಿಲ್ಲ. ಅಂಗಡಿಯವರು ಅದನ್ನು ಕೊಳ್ಳಬಹುದು. ಮಾರುವವರು ಮೊದಲೇ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರದಲ್ಲಿ ಶುಲ್ಕ ತೆತ್ತು ಅದರ ಶುದ್ಧಿಯನ್ನು ತಿಳಿಯಬಹುದು.

ಲೆಕ್ಕದ ಒಂದು ನಿದರ್ಶನ

ಒಂದು ಹಳೆಯ ಹಾರವು ೪೦ ಗ್ರಾಂ ತೂಗುತ್ತದೆಂದು ಇಟ್ಟುಕೊಳ್ಳೋಣ. ಅದರಲ್ಲಿ ಅರಗು ಮತ್ತು ಹರಳುಗಳ ತೂಕ ೪ ಗ್ರಾಂ. ಉಳಿದ ೩೬ ಗ್ರಾಂ ಪರೀಕ್ಷೆಯಲ್ಲಿ ೨೦ ಕ್ಯಾರೆಟ್ ಎಂದು ತಿಳಿದುಬಂದರೆ, ೩೬ನ್ನು ೨೦ರಿಂದ ಗುಣಿಸಿ ೨೪ರಿಂದ ಭಾಗಿಸಿದಾಗ ೩೦ ಗ್ರಾಂ ಅಪರಂಜಿ ದೊರೆಯುತ್ತದೆ. ಆ ದಿನದ ೨೪ ಕ್ಯಾರೆಟ್ ದರದಲ್ಲಿ ಈ ೩೦ ಗ್ರಾಮಿನ ಮೊತ್ತದಿಂದ, ಮೊದಲೇ ತಿಳಿಸಿದ ಶೋಧನೆಯ ಖರ್ಚು ಮತ್ತು ಮಿತವಾದ ಲಾಭಗಳನ್ನು ಕಳೆದರೆ ನ್ಯಾಯಬೆಲೆ ಸಿಗುತ್ತದೆ.

ಅರಗನ್ನು ಕಳೆದು, ಶುದ್ಧಿಯನ್ನೂ ಕಂಡ ಬಳಿಕ ‘ವೇಸ್ಟೇಜ್’ ಎಂದು ಮತ್ತೆ ಹತ್ತನೆಯ ಒಂದು ಪಾಲನ್ನು ಕಾರಣ ಹೇಳದೆ ಕಳೆದರೆ ಅದು ೩ ಗ್ರಾಂ ಅಪರಂಜಿಯ ನಷ್ಟ. ೨೦ ಕ್ಯಾರೆಟ್ಟನ್ನು ೧೮ ಎಂದು ಹೇಳಿದರೂ ಸರಿಯಾಗಿ ಅಷ್ಟೇ ನಷ್ಟ. ಮೊದಲನೆಯದು ಕಾಗದದ ಮೇಲೆ ನಡೆಯುತ್ತದೆ, ಎರಡನೆಯದು ಬಾಯಿಮಾತಿನಲ್ಲಿ. ವ್ರತದ ದೃಷ್ಟಿಯಲ್ಲಿ ಎರಡೂ ಹೀನಾಧಿಕ ಮಾನವೇ.

ಇಂದಿನ ಕ್ಷ-ಕಿರಣ ಯಂತ್ರವು ಬಹುಮಟ್ಟಿಗೆ ಮೇಲ್ಪದರವನ್ನಷ್ಟೇ ನೋಡುತ್ತದೆ. ಒಳಗೆ ಬೆಸುಗೆ ಹೆಚ್ಚಿರುವ ಹಳೆಯ ಒಡವೆಯಲ್ಲಿ ಮಾರುವವರ ಕಣ್ಣೆದುರೇ ಕರಗಿಸಿ ಪರೀಕ್ಷಿಸುವುದು ಹೆಚ್ಚು ನಂಬಲರ್ಹ. ಆದರೆ ಕರಗಿಸಿದ ಮೇಲೆ ಹಿಂದಿರುಗಲಾಗದು. ಆದ್ದರಿಂದ ತೂಕ, ದರ, ಕಡಿತಗಳನ್ನು ಅದಕ್ಕೆ ಮೊದಲೇ ಬರಹದಲ್ಲಿ ಪಡೆಯುವುದು ವಿವೇಕ.

ಇಬ್ಬರಿಗೂ ಒಂದೇ ವ್ರತ

ಅಚೌರ್ಯವು ವ್ಯಾಪಾರಿಗೆ ಮಾತ್ರ ವಿಧಿಸಿದ ವ್ರತವಲ್ಲ. ಒಳಗೆ ಅರಗಿರುವುದನ್ನು ತಿಳಿದೂ ಮರೆಮಾಡುವ ಮಾರಾಟಗಾರನು, ಸಹೋದರ ಸಹೋದರಿಯರಿಗೆ ಪಾಲಿರುವ ಒಡವೆಯನ್ನು ಅವರಿಗೆ ಹೇಳದೆ ಮಾರುವವನು, ತೆರಿಗೆಗೆ ಅಂಜಿ ರಸೀತಿ ಬೇಡವೆನ್ನುವವನು, ಇವರೆಲ್ಲರೂ ಅತಿಚಾರಕ್ಕೆ ಭಾಗಿಗಳೇ. ರಸೀತಿಯಿಲ್ಲದ ಕಡೆ ಕಳವಿನ ಮಾಲಿಗೂ ಬಾಗಿಲು ತೆರೆದಿರುತ್ತದೆ.

ಟ್ರಸ್ಟುಗಳ ಹೊಣೆಯಂತೂ ಇನ್ನೂ ದೊಡ್ಡದು. ಬಸದಿಗೆ ಬಂದ ಒಡವೆಯು ಪದಾಧಿಕಾರಿಗಳ ಸೊತ್ತಲ್ಲ. ೨೦೧೫ರಲ್ಲಿ ಆರಂಭವಾದ ಚಿನ್ನ ನಗದೀಕರಣ ಯೋಜನೆಯಲ್ಲಿ ಟ್ರಸ್ಟುಗಳಿಗೂ ಅವಕಾಶವಿತ್ತಾದರೂ ಮಧ್ಯಮ ಮತ್ತು ದೀರ್ಘಾವಧಿಯ ಠೇವಣಿಗಳನ್ನು ೨೦೨೫ರ ಮಾರ್ಚ್ ೨೬ರಿಂದ ನಿಲ್ಲಿಸಲಾಗಿದೆ. ಹೀಗಾಗಿ ಮಾರಾಟದ ಪ್ರಶ್ನೆ ಬಂದಾಗ ಸಭೆಯ ನಿರ್ಣಯ, ಒಡವೆಗಳ ಛಾಯಾಚಿತ್ರ ಸಹಿತ ಪಟ್ಟಿ, ಸಾಕ್ಷಿಗಳ ಎದುರು ತೂಕ, ಸ್ವತಂತ್ರ ಪರೀಕ್ಷೆ, ಒಂದಕ್ಕಿಂತ ಹೆಚ್ಚು ಕಡೆಯಿಂದ ಲಿಖಿತ ದರ, ಬ್ಯಾಂಕಿನ ಮೂಲಕವೇ ಹಣ, ಕೊನೆಗೆ ಸಮಾಜದ ಮುಂದೆ ಲೆಕ್ಕ, ಈ ಕ್ರಮವನ್ನು ಬಿಡಬಾರದು. ಪದಾಧಿಕಾರಿಗಳ ಸ್ವಂತ ಅಂಗಡಿಗೇ ಮಾರುವುದು, ಬೆಲೆ ನ್ಯಾಯವಾಗಿದ್ದರೂ, ಸಂಶಯಕ್ಕೆ ಎಡೆಗೊಡುತ್ತದೆ. ಪುರಾತನ ಶಿಲ್ಪಮೌಲ್ಯವುಳ್ಳ ಒಡವೆಯನ್ನು ಲೋಹದ ಬೆಲೆಗೆ ಕರಗಿಸುವ ಮುನ್ನ ಬಲ್ಲವರಿಗೆ ತೋರಿಸುವುದೂ ಕರ್ತವ್ಯ.

ಹಿಂದಿನವರು ದತ್ತಿಯ ಲೆಕ್ಕವನ್ನು ಕಲ್ಲಿನಲ್ಲಿ ಕೊರೆಯಿಸಿದರು. ಇಂದು ಕಾಗದ ಸಾಕು. ಆದರೆ ಅದನ್ನು ಎಲ್ಲರೂ ಓದುವಂತಿರಬೇಕು. ಬಂಗಾರವನ್ನು ಒರೆಗಲ್ಲು ಪರೀಕ್ಷಿಸಿದರೆ, ಕೊಳ್ಳುವವನನ್ನೂ ಮಾರುವವನನ್ನೂ ಬಂಗಾರವು ಪರೀಕ್ಷಿಸುತ್ತದೆ. ಆ ಪರೀಕ್ಷೆಯಲ್ಲಿ ಶ್ರಾವಕನ ಬಣ್ಣ ಮಾಸದಿರಲಿ.